ಹೊಗೆ, ಕೆಂಡ, ಸಲಾಕೆ: ಮನೆಮಂದಿಯ ಮಧ್ಯಾಹ್ನದ ಊಟಕ್ಕೆ ಯಾವ ಬಾರ್ಬೆಕ್ಯು?

"ಕೊಬ್ಬಿರುವುದೋ, ಇಲ್ಲದ್ದೋ?" ಮೊಳದುದ್ದದ ಚಾಕು ಹಿಡಿದಿದ್ದವನು ಕೇಳಿದ. ಅಮೆರಿಕದ ಹ್ಯೂಸ್ಟನ್ನಿನ ಆ ಬಾರ್ಬೆಕ್ಯು, ಅಂದರೆ ಬೆಂಕಿ-ಹೊಗೆಯಲ್ಲಿ ಬೇಯಿಸಿದ ಮಾಂಸದ ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಕೌಂಟರಿನ ಮುಂದೆ ಬಂದಿದ್ದ ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅತ್ತೆ ಮಂಡಿ ನೀವಿಕೊಳ್ಳುತ್ತ ಗೋಡೆಗೆ ಒರಗಿದ್ದರು. ತಂಗಿಯ ನಾಲ್ಕು ವರ್ಷದ ಮಗ ನೆಲದ ಮೇಲೆ ಕುಳಿತು ಚಪ್ಪಲಿ ಬಿಚ್ಚುತ್ತಿದ್ದ. ಬೆನ್ನ ಹಿಂದೆ ಮೂವತ್ತು ಜನ. ನಾನು ಧೈರ್ಯ ಮಾಡಿ "ಎರಡೂ" ಎಂದೆ. "ಎಷ್ಟು?" ಎಂದ. ಬಾಯಿಗೆ ಬಂದಂತೆ "ನಾಲ್ಕು ಪೌಂಡ್" ಎಂದೆ. ಎಂಟು ಜನರಲ್ಲಿ ಮಾಂಸ ತಿನ್ನುವ ದೊಡ್ಡವರು ಐದೇ ಮಂದಿ ಎಂಬುದು ಹಣ ಕೊಟ್ಟಾದ ಮೇಲೆ ನೆನಪಾಯಿತು. ಮೂರು ದಿನ ನಮ್ಮ ಫ್ರಿಜ್ ತೆರೆದಾಗಲೆಲ್ಲ ಸೌದೆ ಒಲೆಯ ವಾಸನೆ ಬರುತ್ತಿತ್ತು.

ಆಮೇಲೆ ಇಂಥ ಊಟಗಳಿಗೆ ಬಹಳ ಸಲ ಹೋಗಿದ್ದೇವೆ. ಮಾಂಸ ಎಲ್ಲಿ ಚೆನ್ನಾಗಿದೆ ಎಂದು ಹುಡುಕಿಕೊಂಡು ಹೋದಾಗಲೆಲ್ಲ ಯಾರಾದರೊಬ್ಬರು ಮುಖ ಊದಿಸಿಕೊಂಡು ವಾಪಸ್ ಬಂದಿದ್ದಾರೆ. ನಿಲ್ಲಲಾಗದವರು ಯಾರು, ಕಾಯಲಾಗದವರು ಯಾರು, ತಿನ್ನದವರು ಯಾರು ಎಂದು ಮೊದಲು ಎಣಿಸಿ ಹೋದ ದಿನಗಳೇ ಸುಖವಾಗಿ ಮುಗಿದಿವೆ. ಈ ಬರಹವೂ ಅದೇ ಲೆಕ್ಕದಲ್ಲಿ ನಡೆಯುತ್ತದೆ.

ಅಮೆರಿಕದ ಯಾವುದೇ ದೊಡ್ಡ ನಗರದಲ್ಲಿ ಬಾರ್ಬೆಕ್ಯು ಎಂಬ ಫಲಕದ ಹಿಂದೆ ಮೂರು ಬೇರೆ ಬೇರೆ ಊಟಗಳಿವೆ. ಸೌದೆಯ ಹೊಗೆಯಲ್ಲಿ ಇಡೀ ರಾತ್ರಿ ಬೇಯಿಸಿ ತೂಕದ ಮೇಲೆ ಮಾರುವ ಅಮೆರಿಕದ ಸ್ಮೋಕ್‌ಹೌಸ್ ಒಂದು. ಮೇಜಿನ ನಡುವೆ ಒಲೆಯಿಟ್ಟು ನಾವೇ ಸುಟ್ಟುಕೊಳ್ಳುವ ಕೊರಿಯನ್ ಬಾರ್ಬೆಕ್ಯು ಇನ್ನೊಂದು. ಸಲಾಕೆಗೆ ಚುಚ್ಚಿದ ಮಾಂಸವನ್ನು ಮೇಜಿಂದ ಮೇಜಿಗೆ ತಂದು ಕೊಯ್ದು ಬಡಿಸುವ ಬ್ರೆಜಿಲ್‌ನ ಷುರಾಸ್ಕರಿಯಾ ಮೂರನೆಯದು. ಮೂರೂ ಕಡೆ ಜೀನ್ಸ್ ತೊಟ್ಟು ಹೋಗಬಹುದು, ಮಕ್ಕಳು ಗಲಾಟೆ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ಸ್ಮೋಕ್‌ಹೌಸ್: ಬೇಗ ಹೋದವರಿಗೆ

ಇಲ್ಲಿನ ರಾಜ ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗ. ಮೈಭಾರ ಹೊರುವ ಸ್ನಾಯುವಾದ್ದರಿಂದ ನಾರು ಒರಟು, ನಡುವೆಲ್ಲ ಕೊಲಾಜೆನ್ ಎಂಬ ಗಟ್ಟಿ ಅಂಟುನಾರು. ಅವಸರದಲ್ಲಿ ಬೇಯಿಸಿದರೆ ಅಗಿದಷ್ಟೂ ಮುಗಿಯದು. ಸುಮಾರು 107ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತರಿಂದ ಹದಿನಾರು ಗಂಟೆ ಇಟ್ಟರೆ ಕೊಲಾಜೆನ್ ಕರಗಿ ಮೆತ್ತನೆಯ ಜೆಲಟಿನ್ ಆಗುತ್ತದೆ. ಮಾಂಸದ ಒಳಗಿನ ಶಾಖ 95 ಡಿಗ್ರಿಯ ಹತ್ತಿರ ಬರುವ ಹೊತ್ತಿಗೆ ತುಂಡು ತನ್ನ ಭಾರಕ್ಕೇ ಬಾಗುವಷ್ಟು ಮೆತ್ತಗಾಗಿರುತ್ತದೆ. ನಡುವೆ ಒಂದು ತಮಾಷೆ ಇದೆ. 65ರಿಂದ 75 ಡಿಗ್ರಿಯ ನಡುವೆ ಗಂಟೆಗಟ್ಟಲೆ ಶಾಖ ಏರುವುದೇ ಇಲ್ಲ. ಮೇಲ್ಮೈಯಿಂದ ನೀರು ಆವಿಯಾಗುತ್ತ, ನಮ್ಮ ಮೈ ಬೆವರಿ ತಣ್ಣಗಾಗುವಂತೆ, ಮಾಂಸವೂ ತನ್ನನ್ನು ತಾನೇ ತಣಿಸಿಕೊಳ್ಳುತ್ತಿರುತ್ತದೆ.

ಇಷ್ಟನ್ನು ಹೇಳಲು ಕಾರಣವಿದೆ. ಇವತ್ತು ಜನ ಹೆಚ್ಚು ಬಂದರೆಂದು ಹನ್ನೆರಡು ಗಂಟೆಗೆ ಇನ್ನೊಂದು ಬ್ರಿಸ್ಕೆಟ್ ಒಲೆಗೇರಿಸಿದರೆ ಅದು ನಾಳೆಯ ಊಟಕ್ಕೆ. ನಿನ್ನೆ ರಾತ್ರಿ ಎಷ್ಟು ಇಟ್ಟಿದ್ದರೋ ಅಷ್ಟೇ ಇಂದಿನ ದಾಸ್ತಾನು. ಹೆಸರಾದ ಸ್ಮೋಕ್‌ಹೌಸ್‌ಗಳಲ್ಲಿ ಮಧ್ಯಾಹ್ನವೇ "ಮುಗಿದಿದೆ" ಎಂಬ ಚೀಟಿ ತೂಗಾಡುವುದು ವ್ಯಾಪಾರದ ಜಂಬವಲ್ಲ, ಗಡಿಯಾರದ ಲೆಕ್ಕ. ಅದೇ ಕಾರಣಕ್ಕೆ ಇಲ್ಲಿ ರಾತ್ರಿಗಿಂತ ಮಧ್ಯಾಹ್ನದ ಊಟವೇ ಮೇಲು. ಬಾಗಿಲು ತೆರೆಯುವ ಹೊತ್ತಿನ ಬ್ರಿಸ್ಕೆಟ್ ಮತ್ತು ಸಂಜೆ ಏಳರವರೆಗೆ ಬೆಚ್ಚನೆಯ ಪೆಟ್ಟಿಗೆಯಲ್ಲಿ ಕುಳಿತಿದ್ದ ಬ್ರಿಸ್ಕೆಟ್ ಒಂದೇ ಪ್ರಾಣಿಯದ್ದು ಎಂದು ನಂಬುವುದು ಕಷ್ಟ.

ಇನ್ನು ಚಾಕುವಿನವನ ಪ್ರಶ್ನೆಗೆ ಉತ್ತರ. ಬ್ರಿಸ್ಕೆಟ್ಟಿನಲ್ಲಿ ಎರಡು ಸ್ನಾಯುಗಳಿವೆ. ದಪ್ಪನೆಯ, ಕೊಬ್ಬು ಹರಡಿರುವ ಭಾಗ ಪಾಯಿಂಟ್. ಚಪ್ಪಟೆಯಾದ, ಕೊಬ್ಬು ಕಡಿಮೆ ಇರುವ ಭಾಗ ಫ್ಲಾಟ್. "ಕೊಬ್ಬಿರುವುದು" ಎಂದರೆ ಮೊದಲನೆಯದು ಬರುತ್ತದೆ. ಆರೋಗ್ಯದ ಹೆಸರಿನಲ್ಲಿ ಎಲ್ಲರೂ ಎರಡನೆಯದನ್ನು ಕೇಳುತ್ತಾರೆ, ತಟ್ಟೆ ಹಿಡಿದು ಜಾಗ ಹುಡುಕಿ ಕೂರುವಷ್ಟರಲ್ಲಿ ಅದು ಒಣಗಿರುತ್ತದೆ. ಹಲ್ಲು ಸಡಿಲಾದ ಹಿರಿಯರಿದ್ದರೆ ಕಣ್ಣು ಮುಚ್ಚಿ ಮೊದಲನೆಯದನ್ನೇ ಕೇಳಿ. ಮಕ್ಕಳಿಗೆ ಅದೇ ಪಾಯಿಂಟ್ ಭಾಗವನ್ನು ಚೌಕವಾಗಿ ಕತ್ತರಿಸಿ, ಸಿಹಿ ಸಾಸ್ ಸವರಿ ಮತ್ತೆ ಹೊಗೆಗಿಟ್ಟ ಬರ್ನ್ಟ್ ಎಂಡ್ಸ್ ಸಿಕ್ಕರೆ ಬೇರೇನೂ ಬೇಡ. ಕ್ಯಾನ್ಸಸ್ ಸಿಟಿಯ ಕಡೆಯ ಈ ತಿನಿಸು ಈಗ ಎಲ್ಲ ನಗರಗಳಿಗೂ ಬಂದಿದೆ.

ತಟ್ಟೆಗೆ ಬಂದ ತುಂಡಿನ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಕಾಣುತ್ತದೆ. ನಮ್ಮ ಚಿಕ್ಕಪ್ಪ ಅದನ್ನು ನೋಡಿ "ಬೆಂದಿಲ್ಲ" ಎಂದು ತಟ್ಟೆ ದೂರ ತಳ್ಳಿದ್ದರು. ಸೌದೆಯ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಅನಿಲವು ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಆಗುವ ಬಣ್ಣ ಅದು, ಹಸಿಯ ಗುರುತಲ್ಲ. ಕೋಳಿಯ ಮೂಳೆಯ ಹತ್ತಿರವೂ ಹೊಗೆಯಿಂದ ಹೀಗೆಯೇ ಕೆಂಪಗಾಗಬಹುದು. ಅಲ್ಲಿ ಅನುಮಾನ ಬಂದರೆ ಮಾತ್ರ ಕೇಳುವುದರಲ್ಲಿ ತಪ್ಪಿಲ್ಲ. ಕೋಳಿಯ ಒಳಶಾಖ 74 ಡಿಗ್ರಿ ಮುಟ್ಟಿರಬೇಕು ಎಂಬುದು ಅಲ್ಲಿನ ಸರ್ಕಾರಿ ನಿಯಮ.

ಎಷ್ಟು ಕೊಳ್ಳಬೇಕು? ಎಲ್ಲ ಮಾಂಸವೂ ಸೇರಿ ದೊಡ್ಡವರಿಗೆ ತಲಾ 150ರಿಂದ 225 ಗ್ರಾಂ, ಅಂದರೆ ಪೌಂಡಿನ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಸಾಕು. ಮಕ್ಕಳಿಗೆ ಅದರ ಅರ್ಧ. ಐದು ಜನರಿಗೆ ಒಂದೂಕಾಲು ಪೌಂಡ್ ಬ್ರಿಸ್ಕೆಟ್, ನಾಲ್ಕೈದು ಪಕ್ಕೆಲುಬು, ಒಂದೆರಡು ಸಾಸೇಜ್ ತೆಗೆದುಕೊಂಡರೆ ತಟ್ಟೆಯೂ ತುಂಬುತ್ತದೆ, ಫ್ರಿಜ್ಜೂ ಬಚಾವಾಗುತ್ತದೆ. ಕೌಂಟರಿನವರಿಗೆ ಕಾಲು ಪೌಂಡ್ ಕೇಳಿದರೂ ಬೇಸರವಿಲ್ಲ; ಸಂಕೋಚ ನಮ್ಮದು ಮಾತ್ರ. ಬ್ರಿಸ್ಕೆಟ್ ಪೌಂಡಿಗೆ 30 ಡಾಲರ್ ದಾಟಿರುವುದು ಈಗ ದೊಡ್ಡ ನಗರಗಳಲ್ಲಿ ಸಾಮಾನ್ಯ. ಹಸಿ ಮಾಂಸದ ಕೊಬ್ಬು ಕೆತ್ತಿ, ರಾತ್ರಿಯಿಡೀ ಬೆಂದು ಬರುವಷ್ಟರಲ್ಲಿ ತೂಕ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಆ ಅರ್ಧದ ಬೆಲೆಯನ್ನೂ ನಾವೇ ಕೊಡುತ್ತಿರುತ್ತೇವೆ.

ಮೇಜಿನ ಮೇಲಿನ ಸಾಸ್ ಬಾಟಲಿಗಳು ಅಮೆರಿಕದ ಭೂಪಟವಿದ್ದಂತೆ. ನೀರಿನಂತೆ ತೆಳ್ಳಗಿರುವ ವಿನೆಗರ್ ಸಾಸ್ ಉತ್ತರ ಕೆರೊಲಿನಾದ ಪೂರ್ವ ಭಾಗದ್ದು, ಹಳದಿ ಸಾಸಿವೆಯದು ದಕ್ಷಿಣ ಕೆರೊಲಿನಾದ್ದು, ಗಟ್ಟಿಯಾದ ಸಿಹಿ ಟೊಮೆಟೊ ಸಾಸ್ ಕ್ಯಾನ್ಸಸ್ ಸಿಟಿಯದು. ಬೆಳ್ಳಗೆ ಮಜ್ಜಿಗೆಯಂತೆ ಕಾಣುವುದು ಅಲಬಾಮಾದ್ದು. ಮಯೊನೇಸ್, ವಿನೆಗರ್ ಬೆರೆಸಿದ ಇದು ಡಿಕೇಟರ್ ಊರಿನಲ್ಲಿ 1925ರ ಸುಮಾರಿಗೆ ಹುಟ್ಟಿತು, ಕೋಳಿಗೆ ಇದರಷ್ಟು ಹೊಂದುವುದು ಬೇರೆ ಇಲ್ಲ. ಟೆಕ್ಸಸ್‌ನವರಿಗೆ ಸಾಸ್ ಕೇಳಿದರೆ ಸ್ವಲ್ಪ ಕೋಪ. ಅಲ್ಲಿನ ಶಾಸನಸಭೆ 1999ರಲ್ಲಿ ಲಾಕ್‌ಹಾರ್ಟ್ ಎಂಬ ಪುಟ್ಟ ಊರನ್ನು ರಾಜ್ಯದ ಬಾರ್ಬೆಕ್ಯು ರಾಜಧಾನಿ ಎಂದು ಘೋಷಿಸಿತು. ಜರ್ಮನಿ, ಚೆಕ್ ಕಡೆಯಿಂದ ಬಂದ ಕಟುಕರ ಅಂಗಡಿಗಳಿಂದ ಬೆಳೆದ ಸಂಪ್ರದಾಯ ಅದು. ಮಾಂಸವನ್ನು ಇಂದಿಗೂ ಕಂದು ಕಾಗದದ ಮೇಲೆ ಹಾಕಿಕೊಡುವುದು ಆ ಅಂಗಡಿಗಳ ಉಳಿಕೆ.

ಸ್ಮೋಕ್‌ಹೌಸ್ ಯಾರಿಗೆ ಬೇಡ? ನಿಲ್ಲಲಾಗದವರಿಗೆ. ನಾವು ಈಗ ಇಬ್ಬರನ್ನು ಮುಂಚೆ ಕಳಿಸಿ ಸಾಲು ಹಿಡಿಸುತ್ತೇವೆ, ಉಳಿದವರು ಅರ್ಧ ಗಂಟೆ ತಡೆದು ಬರುತ್ತಾರೆ. ಕೌಂಟರಿನ ಹತ್ತಿರ ಬಂದಾಗ ಫೋನ್. ಕೆಲವು ಕಡೆ ಎಲ್ಲರೂ ಬಂದ ಹೊರತು ಮೇಜು ಹಿಡಿಯಬಾರದು ಎನ್ನುತ್ತಾರೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಕೊರಿಯನ್ ಬಾರ್ಬೆಕ್ಯು: ಕೈಯಾಡಿಸುವ ಮಕ್ಕಳಿದ್ದರೆ

ಇಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಕುಳಿತ ಐದು ನಿಮಿಷಕ್ಕೆ ಬಟ್ಟಲುಗಳ ದಂಡು ಬರುತ್ತದೆ: ಹುದುಗಿಸಿದ ಕೋಸಿನ ಕಿಮ್‌ಚಿ, ಮೊಳಕೆಕಾಳು, ಮೂಲಂಗಿ, ಆಲೂಗಡ್ಡೆ. ಬಾನ್‌ಚಾನ್ ಎಂದು ಕರೆಯುವ ಈ ಪಲ್ಯಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಮುಗಿದರೆ ಮತ್ತೆ ಹಾಕುತ್ತಾರೆ. ಹಸಿದ ಮಕ್ಕಳ ಬಾಯಿ ಅಲ್ಲಿಗೇ ಮುಚ್ಚುತ್ತದೆ. ಆಮೇಲೆ ಒಲೆ ಹೊತ್ತಿಸಿ, ಹಸಿ ಮಾಂಸದ ತಟ್ಟೆಯಿಟ್ಟು, ಇಕ್ಕುಳ ಮತ್ತು ಕತ್ತರಿ ಕೊಟ್ಟು ಹೋಗುತ್ತಾರೆ. ಹೌದು, ಕತ್ತರಿ. ಮಾಂಸವನ್ನು ಒಲೆಯ ಮೇಲೆಯೇ ಬಟ್ಟೆ ಕತ್ತರಿಸುವಂತೆ ಕತ್ತರಿಸುವುದು ನೋಡಿ ಅತ್ತೆಗೆ ನಗು ತಡೆಯಲಾಗಲಿಲ್ಲ.

ಹೊಸಬರಿಗೆ ನಾಲ್ಕು ಹೆಸರು ಗೊತ್ತಿದ್ದರೆ ಸಾಕು. ಗಾಲ್ಬಿ ಎಂದರೆ ಮಸಾಲೆಯಲ್ಲಿ ನೆನೆದ ದನದ ಪಕ್ಕೆಲುಬು. ಮೂಳೆಗಳಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದರೆ ಅದಕ್ಕೆ ಎಲ್‌ಎ ಗಾಲ್ಬಿ ಎಂದು ಹೆಸರು. ಬುಲ್ಗೊಗಿ ಕಾಗದದಷ್ಟು ತೆಳು, ಸಿಹಿ, ಎರಡು ನಿಮಿಷದಲ್ಲಿ ಸಿದ್ಧ. ಮಕ್ಕಳಿಗೆ ಇದರಿಂದ ಶುರು ಮಾಡಿ. ಸಮ್‌ಗ್ಯೊಪ್ಸಲ್ ಹಂದಿಯ ಹೊಟ್ಟೆಯ ಭಾಗ, ಮಸಾಲೆಯಿಲ್ಲದ್ದು, ಚೆನ್ನಾಗಿ ಕೆಂಪಗಾಗುವವರೆಗೆ ಸುಡಬೇಕು. ಸಮ್‌ಜಾಂಗ್ ಎಂಬುದು ಹುದುಗಿಸಿದ ಸೋಯಾ ಮತ್ತು ಮೆಣಸಿನ ಗಟ್ಟಿ ಚಟ್ನಿ. ಲೆಟಿಸ್ ಎಲೆಯಲ್ಲಿ ಸುಟ್ಟ ತುಂಡು, ಚಟ್ನಿ, ಬೆಳ್ಳುಳ್ಳಿ ಇಟ್ಟು, ವೀಳ್ಯದಂತೆ ಮಡಿಚಿ ಒಂದೇ ತುತ್ತಿಗೆ ಬಾಯಿಗೆ. ಅರ್ಧ ಕಚ್ಚಲು ಹೋದರೆ ಎಲ್ಲ ಮಡಿಲಿಗೆ.

ತೊಡಕುಗಳು ಎರಡು. ಐದಾರು ವರ್ಷದೊಳಗಿನ ಮಗುವಿದ್ದರೆ ಮೇಜಿನ ನಡುವಿನ ಬೆಂಕಿ ದೊಡ್ಡವರೊಬ್ಬರ ಊಟವನ್ನೇ ನುಂಗುತ್ತದೆ. ಮಗುವಿನ ಕೈ ಹಿಡಿದು ಕೂರುವುದೇ ಅವರ ಕೆಲಸ. ಇನ್ನೊಂದು, ಮಾಂಸ ಸುಡುವವರು ಯಾರು? ಪ್ರತಿ ಮನೆಯಲ್ಲೂ ಇಕ್ಕುಳ ಒಬ್ಬರ ಕೈಗೇ ಅಂಟಿಕೊಳ್ಳುತ್ತದೆ, ನಮ್ಮಲ್ಲಿ ತಂಗಿಯ ಕೈಗೆ. ಎಲ್ಲರೂ ತಿಂದಾದ ಮೇಲೆ ಅವಳ ತಟ್ಟೆಯಲ್ಲಿ ತಣ್ಣಗಾದ ಮೂರು ತುಂಡು. ಮನೆಯಲ್ಲಿ ದಿನಾ ಅಡುಗೆ ಮಾಡುವವರಿಗೆ ರಜೆ ಕೊಡಲು ಹೊರಟ ಊಟವಾದರೆ ಇದು ತಪ್ಪು ಆಯ್ಕೆ. ಹೊರಡುವಾಗಲೇ ಪಾಳಿ ಹಾಕಿಕೊಳ್ಳಿ, ಇಲ್ಲವೇ ಸಿಬ್ಬಂದಿಯೇ ಸುಟ್ಟುಕೊಡುವ ಹೋಟೆಲು ಹುಡುಕಿ, ಅಂಥವೂ ಬೇಕಾದಷ್ಟಿವೆ. ಹಸಿ ಮಾಂಸ ಮುಟ್ಟಿದ ಇಕ್ಕುಳದಿಂದ ಬೆಂದದ್ದನ್ನು ಎತ್ತಬಾರದು, ಇನ್ನೊಂದು ಜೊತೆ ಕೇಳಿದರೆ ಕೊಡುತ್ತಾರೆ.

ಜನರ ಸಂಖ್ಯೆಯೂ ಮುಖ್ಯ. ಒಂದು ಒಲೆಗೆ ನಾಲ್ಕು ಜನ ಸರಿ, ಆರು ಜನ ಒತ್ತಿಕೊಂಡು. ಎಂಟು ಜನವೆಂದರೆ ಎರಡು ಒಲೆ, ಎರಡು ಮಾತುಕತೆ. ಬೇಕಾದಷ್ಟು ತಿನ್ನಿ ಎನ್ನುವ ಕಡೆಗಳಲ್ಲಿ ಒಂದೂವರೆ, ಎರಡು ಗಂಟೆಯ ಮಿತಿ ಇರುತ್ತದೆ, ತಟ್ಟೆಯಲ್ಲಿ ಹಸಿ ಮಾಂಸ ಉಳಿಸಿದರೆ ದಂಡವೂ ಇರಬಹುದು. ಹರಟೆ ಹೊಡೆಯಲು ಬಂದ ಮನೆಮಂದಿಗೆ ಗಡಿಯಾರ ನೋಡಿಕೊಂಡು ತಿನ್ನುವ ಆ ಪದ್ಧತಿ ನನಗೆ ಹಿಡಿಸುವುದಿಲ್ಲ. ಬಿಡಿಬಿಡಿಯಾಗಿ ಕೇಳಿ ತಿಂದರೆ ಹೊಟ್ಟೆಗೂ ಹಿತ. ವಾರದ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕಡಿಮೆ ದರದ ಪಟ್ಟಿ ಇಡುವುದುಂಟು. ಭಾನುವಾರ ಅದನ್ನು ನಂಬಿಕೊಂಡು ಹೋಗಬೇಡಿ. ಹೊಸ ಸೀರೆ, ಹೊಸ ಸ್ವೆಟರ್ ಕೂಡ ಬೇಡ, ವಾಸನೆ ಎರಡು ಒಗೆತಕ್ಕೂ ಬಗ್ಗುವುದಿಲ್ಲ.

ಷುರಾಸ್ಕರಿಯಾ: ಕುಳಿತಲ್ಲಿಗೇ ಬರಲಿ ಎನ್ನುವವರಿಗೆ

ಮೂರರಲ್ಲಿ ದುಬಾರಿ ಇದೇ, ನಿರಾಳವೂ ಇದೇ. ತಲೆಗಿಷ್ಟು ಎಂದು ಒಂದೇ ದರ, ಮೇಜು ಮೊದಲೇ ಕಾದಿರಿಸಬಹುದು, ಎಂಟು ಜನಕ್ಕೆ ಒಂದೇ ಉದ್ದ ಮೇಜು ಸಿಗುತ್ತದೆ. ಪ್ರತಿಯೊಬ್ಬರ ಮುಂದೆ ಒಂದು ಬಿಲ್ಲೆ: ಹಸಿರು ಮೇಲಿದ್ದರೆ ಸಲಾಕೆ ಹಿಡಿದವರು ಬರುತ್ತಲೇ ಇರುತ್ತಾರೆ, ಕೆಂಪು ಮೇಲಿದ್ದರೆ ನಿಲ್ಲುತ್ತಾರೆ. ತಂಗಿಯ ಮಗ ಇಡೀ ಊಟ ಆ ಬಿಲ್ಲೆಯೊಂದಿಗೇ ಆಡಿದ. ಅವನು ಹಸಿರು ಮಾಡಿದಾಗಲೆಲ್ಲ ಒಬ್ಬರು ಓಡಿ ಬಂದರು, ಕೆಂಪು ಮಾಡಿದಾಗ ಗಂಭೀರವಾಗಿ ತಲೆಬಾಗಿ ಹೋದರು. ಸಂಚಾರಿ ಪೊಲೀಸನಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು.

ಮೊದಲು ಬರುವುದು ಸಾಮಾನ್ಯವಾಗಿ ಕೋಳಿ, ಸಾಸೇಜ್, ಜೊತೆಗೆ ಚೀಸ್ ಬೆರೆಸಿದ ಪುಟ್ಟ ಬಿಸಿ ಬ್ರೆಡ್ಡು. ಮರಗೆಣಸಿನ ಪಿಷ್ಟದಿಂದ ಮಾಡುವ ಆ ಬ್ರೆಡ್ಡು ಬಹಳ ರುಚಿ, ಬಹಳ ಮೋಸ. ನಾಲ್ಕು ತಿಂದರೆ ಹೊಟ್ಟೆ ಮುಗಿಯಿತು. ಕೊಟ್ಟ ಹಣಕ್ಕೆ ನ್ಯಾಯ ಸಿಗಬೇಕಾದರೆ ಪಿಕಾನ್ಯಾ ಬರುವವರೆಗೆ ತಡೆಯಬೇಕು. ದನದ ಬೆನ್ನಿನ ಹಿಂಭಾಗದ, ಒಂದು ಬದಿಗೆ ಕೊಬ್ಬಿನ ಪಟ್ಟಿಯಿರುವ ತುಂಡು ಅದು, ಅರ್ಧಚಂದ್ರದಂತೆ ಬಾಗಿಸಿ ಸಲಾಕೆಗೆ ಚುಚ್ಚಿರುತ್ತಾರೆ. ತಡವಾದರೆ ಕೇಳಿ, ಕೇಳಿದ್ದನ್ನು ತಂದುಕೊಡುತ್ತಾರೆ.

ಹಿರಿಯರಿಗೆ ಎರಡು ಎಚ್ಚರ. ಇದು ಉರಿಯಲ್ಲಿ ಬೇಗ ಸುಟ್ಟ ಮಾಂಸ, ಸ್ಮೋಕ್‌ಹೌಸ್‌ನ ಮೆತ್ತನೆ ಇದಕ್ಕಿಲ್ಲ. ಒಳಗೆ ಕೆಂಪಗಿರುವುದು ಬೇಡವೆಂದರೆ ಹೊರ ಅಂಚಿನಿಂದ ಕೊಯ್ಯಲು ಹೇಳಿ. ಮಸಾಲೆಯೆಂದರೆ ಮುಖ್ಯವಾಗಿ ಕಲ್ಲುಪ್ಪು, ಹಾಗಾಗಿ ಅದೇ ಅಂಚಿನಲ್ಲಿ ಉಪ್ಪೂ ಹೆಚ್ಚು. ರಕ್ತದೊತ್ತಡ ಇರುವವರಿಗೆ ಇಲ್ಲಿ ಎರಡೂ ಕಡೆಯಿಂದ ಇಕ್ಕಟ್ಟು.

ಮಾಂಸ ತಿನ್ನದವರು ಜೊತೆಗಿದ್ದರೆ

ಈ ಒಂದು ವಿಷಯದಲ್ಲಿ ನನ್ನ ತೀರ್ಮಾನ ಗಟ್ಟಿ. ಸಸ್ಯಾಹಾರಿಗಳಿಗೆ ಷುರಾಸ್ಕರಿಯಾ ಮೊದಲು, ಕೊರಿಯನ್ ಎರಡನೆಯದು, ಸ್ಮೋಕ್‌ಹೌಸ್ ಕೊನೆ. ಬ್ರೆಜಿಲ್‌ನವರ ತರಕಾರಿ ಮೇಜು ಉದ್ದವಾಗಿರುತ್ತದೆ, ಅದಕ್ಕಷ್ಟೇ ಕಡಿಮೆ ದರವೂ ಇರುತ್ತದೆ, ಹುರಿದ ಬಾಳೆಹಣ್ಣು ಮೇಜಿಗೇ ಬರುತ್ತದೆ. ಕಪ್ಪು ಕಾಳಿನ ಫೆಜೊವಾದಾ ಮಾತ್ರ ಮುಟ್ಟಬಾರದು, ಅದರಲ್ಲಿ ಹಂದಿ ಇರುತ್ತದೆ. ಕೊರಿಯನ್ನರಲ್ಲಿ ಮಾಂಸ ಬೇಡವೆಂದು ಹೇಳಿ, ಅನ್ನದ ಮೇಲೆ ತರಕಾರಿ ಹಾಕಿಕೊಡುವ ಬಿಬಿಂಬಾಪ್ ತರಿಸಿಕೊಳ್ಳಬಹುದು, ಮೊಟ್ಟೆ ಬೇಡವಾದರೆ ಅದನ್ನೂ ಹೇಳಬೇಕು. ಆದರೆ ಕಿಮ್‌ಚಿಗೆ ಮೀನಿನ ಸಾಸ್ ಅಥವಾ ಉಪ್ಪು ಸಿಗಡಿ ಹಾಕುವುದು ರೂಢಿ, ಸೋಯಾ ಸಾರಿನ ಕಟ್ಟೂ ಬಹಳ ಸಲ ಒಣ ಮೀನಿನದು.

ಸ್ಮೋಕ್‌ಹೌಸ್‌ನ ಮೋಸ ಇನ್ನೂ ನಯವಾದದ್ದು. ಮಾಂಸ ಮುಟ್ಟದ ಅತ್ತೆಗೆ ನಾನೇ ಮುತುವರ್ಜಿಯಿಂದ ಒಂದು ಬಟ್ಟಲು ಬೇಯಿಸಿದ ಬೀನ್ಸ್ ಕಾಳು ತಂದುಕೊಟ್ಟಿದ್ದೆ. ಎರಡು ಚಮಚ ತಿಂದವರು ಮೂರನೆಯದನ್ನು ಬೆಳಕಿಗೆ ಹಿಡಿದು "ಇದೇನೋ ನಾರು ನಾರಾಗಿದೆಯಲ್ಲ" ಎಂದರು. ಬ್ರಿಸ್ಕೆಟ್ಟಿನ ಚೂರು. ಆ ಕಾಳಿಗೆ ಬ್ರಿಸ್ಕೆಟ್ ಅಥವಾ ಹಂದಿ, ಕಾಲರ್ಡ್ ಸೊಪ್ಪಿಗೆ ಹೊಗೆಯಾಡಿಸಿದ ಮೂಳೆ, ಕೆಲವು ಕಡೆ ಜೋಳದ ಬ್ರೆಡ್ಡಿಗೂ ಹಂದಿಯ ಕೊಬ್ಬು ಹಾಕುತ್ತಾರೆ. ಫಲಕದಲ್ಲಿ ಬರೆದಿರುವುದಿಲ್ಲ, ಕೇಳಿದರೆ ಹೇಳುತ್ತಾರೆ. ಕೋಸಿನ ಸಲಾಡ್, ಮ್ಯಾಕ್ ಆ್ಯಂಡ್ ಚೀಸ್, ಉಪ್ಪಿನಕಾಯಿ, ಬಿಳಿ ಬ್ರೆಡ್ಡು ಸಾಮಾನ್ಯವಾಗಿ ಸುರಕ್ಷಿತ. ಸಲಾಡ್‌ನ ಮಯೊನೇಸ್‌ನಲ್ಲಿ ಮೊಟ್ಟೆ ಇರುತ್ತದೆ ಎಂಬುದು ನೆನಪಿರಲಿ. ಅತ್ತೆ ಆ ದಿನ ಏನೂ ಅನ್ನಲಿಲ್ಲ, ಮನೆಗೆ ಬಂದು ಸ್ನಾನ ಮಾಡಿದರು.

ದನ ಬೇಡ, ಹಂದಿ ಬೇಡ, ಕೋಳಿ ಆಗಬಹುದು ಎನ್ನುವವರ ಲೆಕ್ಕ ತಿರುಗುಮುರುಗು. ಅವರಿಗೆ ಸ್ಮೋಕ್‌ಹೌಸ್‌ನ ಟರ್ಕಿ ಮತ್ತು ಕೋಳಿ ಚೆನ್ನ, ಷುರಾಸ್ಕರಿಯಾದಲ್ಲಿ ಪೂರ್ತಿ ದರ ಕೊಟ್ಟು ಕೋಳಿಯೊಂದನ್ನೇ ತಿನ್ನುವುದು ನಷ್ಟ. ಸಾಸೇಜಿನ ವಿಚಾರದಲ್ಲಿ ಮಾತ್ರ ಹುಷಾರು: ಒಳಗೆ ಬರೀ ದನದ ಮಾಂಸ ಇದ್ದರೂ ಹೊರಗಿನ ಪೊರೆ ಹಂದಿಯದಾಗಿರಬಹುದು.

ಬಿಲ್ಲಿನ ಬಗ್ಗೆ ಉದ್ದ ಮಾತು ಬೇಕಿಲ್ಲ. ಫಲಕದ ದರದ ಮೇಲೆ ಮಾರಾಟ ತೆರಿಗೆ ಸೇರುತ್ತದೆ, ಹ್ಯೂಸ್ಟನ್ನಿನಲ್ಲಿ ಶೇ 8.25, ನ್ಯೂಯಾರ್ಕಿನಲ್ಲಿ ಶೇ 8.875. ಮೇಜಿಗೆ ತಂದು ಬಡಿಸುವ ಕಡೆ ಶೇ 18ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ. ಆರೆಂಟು ಜನಕ್ಕಿಂತ ಹೆಚ್ಚಿದ್ದರೆ ಅದನ್ನು ಬಿಲ್ಲಿನಲ್ಲೇ ಸೇರಿಸಿರುವ ಸಾಧ್ಯತೆ ಇದೆ. ನೋಡದೆ ಮತ್ತೊಮ್ಮೆ ಕೊಟ್ಟ ಅನುಭವ ನನಗಿದೆ. ತೂಕದ ಮೇಲೆ ಕೊಳ್ಳುವ ಸ್ಮೋಕ್‌ಹೌಸ್‌ನಲ್ಲಿ ಖರ್ಚು ನಮ್ಮ ಬಾಯಿಯ ಮೇಲಿರುತ್ತದೆ, ಷುರಾಸ್ಕರಿಯಾದಲ್ಲಿ ತಲೆಗಳ ಮೇಲೆ. ಅಲ್ಲಿ ಮಧ್ಯಾಹ್ನದ ದರ ರಾತ್ರಿಗಿಂತ ಕಡಿಮೆ, ತೀರಾ ಚಿಕ್ಕ ಮಕ್ಕಳಿಗೆ ಬಿಟ್ಟಿ, ಉಳಿದ ಮಕ್ಕಳಿಗೆ ಅರ್ಧ ಎಂಬ ಪದ್ಧತಿ ಹಲವು ಕಡೆ ಇದೆ. ಪಾನೀಯ, ಸಿಹಿತಿಂಡಿ ಬೇರೆ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಹತ್ತೂವರೆಗೆ ಎಲ್ಲರೂ ಸಿದ್ಧವಾಗಿದ್ದು, ಅತ್ತೆ ಬರುತ್ತಿಲ್ಲವಾದರೆ ಸ್ಮೋಕ್‌ಹೌಸ್. ನಾಲ್ಕೈದು ಜನ, ಎಲ್ಲರೂ ಎಂಟು ವರ್ಷ ದಾಟಿದವರಾದರೆ ಕೊರಿಯನ್. ಹಿರಿಯರು, ಕೂಸುಗಳು, ಸಸ್ಯಾಹಾರಿಗಳು ಎಲ್ಲ ಸೇರಿದ ದಿನ ಷುರಾಸ್ಕರಿಯಾ, ಅದೂ ಎರಡು ತಿಂಗಳಿಗೊಮ್ಮೆ. ಯಾರಾದರೂ ತಲೆಸ್ನಾನ ಮುಗಿಸಿ ಹನ್ನೆರಡೂವರೆಗೆ ಹೊರಬಂದು "ಬ್ರಿಸ್ಕೆಟ್ ತಿನ್ನೋಣ" ಎಂದರೆ ನಾನು ಮಾತಾಡುವುದಿಲ್ಲ, ಫೋನ್ ತೆಗೆದು ಸ್ಮೋಕ್‌ಹೌಸ್‌ಗೆ ಕರೆ ಮಾಡಿ ಸ್ಪೀಕರ್ ಹಾಕುತ್ತೇನೆ. ಮುಗಿದಿದೆಯೋ ಇಲ್ಲವೋ ಎಂಬುದನ್ನು ಅವರೇ ಹೇಳಲಿ.